ಮೋಟಾರು ತಿದ್ದುವ ಹವ್ಯಾಸ: ಸದ್ದೋ, ಶಾಸ್ತ್ರವೋ?

ಕಾರ್ಖಾನೆಯಲ್ಲಿ ತಯಾರಾಗಿ ಬಂದ ಮೋಟಾರು ಕಾರನ್ನು ಕೊಂಡವನು ಅದನ್ನು ಇದ್ದಂತೆಯೇ ಓಡಿಸಬೇಕೆ, ಇಲ್ಲವೆ ತನ್ನ ಬುದ್ಧಿಗೆ ತೋಚಿದಂತೆ ತಿದ್ದಿಕೊಳ್ಳಬಹುದೆ? ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ತರುಣರಲ್ಲಿ ಹಲವರು 'ನಮ್ಮ ಗಾಡಿ, ನಮ್ಮ ಇಷ್ಟ' ಎನ್ನುತ್ತಾರೆ. ಹಿರಿಯರಲ್ಲಿ ಹಲವರು 'ಓದುವ ಹುಡುಗರಿಗೆ ಗ್ಯಾರೇಜಿನ ಕೆಲಸವೇಕೆ?' ಎಂದು ಗದರುತ್ತಾರೆ. ಈ ಎರಡು ಉತ್ತರಗಳೂ ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ನಮ್ಮ ನಗರಗಳಲ್ಲಿ ನಡುರಾತ್ರಿ ಸೈಲೆನ್ಸರು ಕಿತ್ತ ಗಾಡಿಯೊಂದು ಅಬ್ಬರಿಸಿಕೊಂಡು ಹಾದುಹೋದಾಗ ಹಸುಳೆಗಳು ಬೆಚ್ಚಿಬೀಳುವುದನ್ನೂ ರೋಗಿಗಳು ನಿದ್ದೆಗೆಡುವುದನ್ನೂ ಎಲ್ಲರೂ ಬಲ್ಲರು. ಆ ಸವಾರನನ್ನು ನಿಲ್ಲಿಸಿ, 'ಅಯ್ಯಾ, ಈ ಕೊಳವೆಯನ್ನು ಕಿತ್ತುದರಿಂದ ನಿನ್ನ ಎಂಜಿನಿನ ಶಕ್ತಿ ಎಷ್ಟು ಹೆಚ್ಚಿತು?' ಎಂದು ಕೇಳಿದರೆ ಅವನಲ್ಲಿ ಉತ್ತರವಿರದು. ಸದ್ದು ಹೆಚ್ಚಿದುದು ಅವನಿಗೆ ಗೊತ್ತು; ಶಕ್ತಿ ಹೆಚ್ಚಿತೋ ತಗ್ಗಿತೋ ಗೊತ್ತಿಲ್ಲ, ಏಕೆಂದರೆ ಅವನು ಅಳೆದಿಲ್ಲ. ಇನ್ನೊಂದೆಡೆ, ಮನೆಯ ಹಿತ್ತಲಿನ ಷೆಡ್ಡಿನಲ್ಲಿ ಹಳೆಯ ಎಂಜಿನೊಂದನ್ನು ಬಿಚ್ಚಿ, ಅದರ ಒಂದೊಂದು ಭಾಗವನ್ನೂ ತೊಳೆದು, ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿಟ್ಟು, ಇದು ಹೀಗೇಕಿದೆ ಎಂದು ಚಿಂತಿಸುತ್ತ ಕುಳಿತಿರುವ ಹುಡುಗನೂ ಇದ್ದಾನೆ. ಇವರಿಬ್ಬರ ಹವ್ಯಾಸಕ್ಕೂ ನಾವು ಒಂದೇ ಹೆಸರಿಟ್ಟಿದ್ದೇವೆ. ಒಬ್ಬನ ಅಪರಾಧಕ್ಕೆ ಮತ್ತೊಬ್ಬನನ್ನೂ ಶಿಕ್ಷಿಸುತ್ತಿದ್ದೇವೆ.

ನಾವು ಹೇಳಬೇಕೆಂದಿರುವುದು ಇಷ್ಟೆ: ಯಂತ್ರವನ್ನು ಬಿಚ್ಚಿ ತಿದ್ದುವುದು ಉತ್ತಮವಾದ ವಿದ್ಯೆ, ಆದರೆ ಅಳತೆಯಿಲ್ಲದ ತಿದ್ದುಪಡಿ ವಿದ್ಯೆಯಲ್ಲ, ಬರಿಯ ಆಡಂಬರ. ತರುಣರು ಅಳೆಯಲು ಕಲಿಯಬೇಕು. ಅಳೆಯುವುದಕ್ಕೆ ತಕ್ಕ ಸ್ಥಳವನ್ನೂ ಸಲಕರಣೆಯನ್ನೂ ಸಮಾಜ ಅವರಿಗೆ ಒದಗಿಸಬೇಕು. ಈ ಮಾತು ಕೇವಲ ಉಪದೇಶವಲ್ಲ. ಇದಕ್ಕೆ ಇತಿಹಾಸದ ಆಧಾರವುಂಟು. ಆ ಇತಿಹಾಸ ನಡೆದುದು ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಮರುಭೂಮಿಯಲ್ಲಿ.

ಒಣ ಸರೋವರದ ಪಾಠಶಾಲೆ

ಹೆನ್ರಿ ಫೋರ್ಡನ ಕಂಪನಿ 1908ರಿಂದ 1927ರವರೆಗೆ 'ಮಾಡಲ್ ಟಿ' ಎಂಬ ಕಾರನ್ನು ತಯಾರಿಸಿತು. ಒಂದೂವರೆ ಕೋಟಿಗೂ ಹೆಚ್ಚು ಕಾರುಗಳು ಹೊರಬಂದವು. ಅದರ ಎಂಜಿನಿನ ಬಲ ಕೇವಲ 20 ಅಶ್ವಶಕ್ತಿ. ರಚನೆ ಎಷ್ಟು ಸರಳವೆಂದರೆ, ಇಕ್ಕಳ, ಸ್ಪ್ಯಾನರು ಹಿಡಿಯಬಲ್ಲ ರೈತನೂ ಅದನ್ನು ಬಿಚ್ಚಿ ಕಟ್ಟಬಲ್ಲವನಾಗಿದ್ದನು. ಹಿಂದಿನ ಚಕ್ರವನ್ನು ಜಾಕಿಯ ಮೇಲೆತ್ತಿ, ಅದಕ್ಕೆ ಪಟ್ಟಿಯನ್ನು ಜೋಡಿಸಿ, ಹೊಲಮನೆಗಳ ಯಂತ್ರಗಳನ್ನು ನಡೆಸಿದವರಿದ್ದರು. ಶಕ್ತಿ ಹೆಚ್ಚಿಸಬೇಕೆಂಬವರಿಗೆ ಹೊಸ ಬಗೆಯ ಸಿಲಿಂಡರು ತಲೆಗಳು ಮಾರುಕಟ್ಟೆಗೆ ಬಂದವು. ಅವುಗಳಲ್ಲೊಂದರ ಹೆಸರು 'ರೇಜೋ'. ರೇಸೀನ್ ಎಂಬ ಊರಿನ ಮೊದಲಕ್ಷರಗಳನ್ನೂ ಅದನ್ನು ರೂಪಿಸಿದ ಜೋ ಎಂಬಾತನ ಹೆಸರನ್ನೂ ಕೂಡಿಸಿ ಇಟ್ಟ ಹೆಸರು ಅದು. ಹೀಗೆ ಕಾರು ಹುಟ್ಟಿದ ಕಾಲದಿಂದಲೂ ಅದನ್ನು ತಿದ್ದುವವರಿದ್ದಾರೆ. ಇದೇನೂ ಈಗಿನ ಹುಡುಗರ ಹೊಸ ಹುಚ್ಚಲ್ಲ.

ಲಾಸ್ ಏಂಜಲೀಸ್ ನಗರದ ಆಚೆಗೆ ಮೊಹಾವಿ ಎಂಬ ಮರುಭೂಮಿಯುಂಟು. ಅಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮೊದಲಾದ ಒಣ ಸರೋವರಗಳಿವೆ. ಎಂದೋ ನೀರು ಬತ್ತಿ, ತಳದ ಜೇಡಿ ಗಟ್ಟಿಯಾಗಿ, ಮೈಲಿಗಟ್ಟಳೆ ಹಲಗೆಯಂತೆ ಸಮತಟ್ಟಾಗಿರುವ ಬಯಲುಗಳವು. 1920ರ ಮತ್ತು 1930ರ ದಶಕಗಳಲ್ಲಿ ತರುಣರು ತಮ್ಮ ಹಳೆಯ ಫೋರ್ಡುಗಳನ್ನು ತಿದ್ದಿ ಅಲ್ಲಿಗೆ ಕೊಂಡೊಯ್ದು ಓಡಿಸತೊಡಗಿದರು. ಮೊದಮೊದಲು ಹಲವು ಕಾರುಗಳು ಸಾಲಾಗಿ ನಿಂತು ಒಟ್ಟಿಗೆ ಹೊರಡುತ್ತಿದ್ದವು. ಮುಂದಿನ ಕಾರು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ಏನೂ ಕಾಣದು. ಅಪಘಾತಗಳಾದವು. ಇದಲ್ಲದೆ, ಯಾರು ಮುಂದೆ ಬಂದರೆಂಬುದು ತಿಳಿದರೂ ಯಾರ ತಿದ್ದುಪಡಿಯಿಂದ ಎಷ್ಟು ಫಲ ದೊರೆಯಿತೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

1937ರಲ್ಲಿ ಈ ತರುಣರ ಕ್ಲಬ್ಬುಗಳು ಸೇರಿ ಒಂದು ಸಂಘವನ್ನು ಕಟ್ಟಿಕೊಂಡವು. ಅದರ ಹೆಸರನ್ನು ವಾಚಕರು ಗಮನಿಸಬೇಕು: 'ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್'. ಅದು ಪಂದ್ಯದ ಸಂಘವೆಂದೋ ವೇಗದ ಸಂಘವೆಂದೋ ಕರೆದುಕೊಳ್ಳಲಿಲ್ಲ; ಕಾಲವನ್ನು ಅಳೆಯುವ ಸಂಘವೆಂದು ಕರೆದುಕೊಂಡಿತು. ಮರುವರ್ಷ, ಎಂದರೆ 1938ರಲ್ಲಿ, ಮ್ಯೂರಾಕ್ ಬಯಲಿನಲ್ಲಿ ಅದರ ಮೊದಲ ಕೂಟ ನಡೆಯಿತು. ಕಾಲಕ್ರಮದಲ್ಲಿ ಸಾಲಾಗಿ ಓಡುವ ಪದ್ಧತಿ ಹೋಗಿ, ಒಂದು ಸಲಕ್ಕೆ ಒಂದೇ ಕಾರು ಗಡಿಯಾರಕ್ಕೆದುರಾಗಿ ಓಡುವ ಕ್ರಮ ನೆಲೆಗೊಂಡಿತು. ಓಟಕ್ಕೆ ಮುನ್ನ ಪ್ರತಿಯೊಂದು ಗಾಡಿಯ ಸುರಕ್ಷತೆಯನ್ನೂ ಪರೀಕ್ಷಿಸುವ ನಿಯಮ ಬಂದಿತು. ಎಂಜಿನಿನ ಗಾತ್ರಕ್ಕೂ ಗಾಡಿಯ ಆಕಾರಕ್ಕೂ ತಕ್ಕಂತೆ ವರ್ಗಗಳಾದವು.

ಮೇಲುನೋಟಕ್ಕೆ ಇದು ಸಣ್ಣ ಬದಲಾವಣೆ. ಆದರೆ ನಮ್ಮ ದೃಷ್ಟಿಯಲ್ಲಿ ಆಟವು ಶಾಸ್ತ್ರವಾದ ಗಳಿಗೆ ಅದೇ. ನೆರೆಯವನನ್ನು ಸೋಲಿಸುವುದಕ್ಕೆ ಅದೃಷ್ಟವೂ ಸಾಕು, ಎದುರಾಳಿಯ ಅಂಜಿಕೆಯೂ ಸಾಕು. ಗಡಿಯಾರವನ್ನು ಸೋಲಿಸಬೇಕಾದರೆ ಎಂಜಿನು ನಿಜವಾಗಿಯೂ ಸುಧಾರಿಸಿರಲೇಬೇಕು. ಗಡಿಯಾರಕ್ಕೆ ದಾಕ್ಷಿಣ್ಯವಿಲ್ಲ, ಸದ್ದಿಗೆ ಅದು ಬೆರಗಾಗುವುದಿಲ್ಲ.

1932ರಲ್ಲಿ ಫೋರ್ಡ್ ಕಂಪನಿ ಎಂಟು ಸಿಲಿಂಡರುಗಳ 'ವಿ-8' ಎಂಜಿನಿನ ಕಾರನ್ನು ಸಾಮಾನ್ಯರ ಕೈಗೆಟುಕುವ ಬೆಲೆಗೆ ಮಾರತೊಡಗಿತು. ಅದರ ಬಲ 65 ಅಶ್ವಶಕ್ತಿ. ಕೆಲವು ವರ್ಷಗಳಲ್ಲಿ ಅವು ಹಳೆಯ ಗಾಡಿಗಳಾಗಿ ತರುಣರ ಕೈಸೇರಿದವು. ಆ ಎಂಜಿನಿನಲ್ಲಿ ಒಂದು ಕುಂದಿತ್ತು: ಸುಟ್ಟ ಅನಿಲ ಹೊರಬರುವ ದಾರಿಗಳು ಎಂಜಿನಿನ ಅಚ್ಚಿನೊಳಗೇ ಹಾದುಹೋಗುತ್ತಿದ್ದುದರಿಂದ ಅದು ಬೇಗನೆ ಕಾಯುತ್ತಿತ್ತು. ಪ್ರತಿಯೊಂದು ಮಗ್ಗುಲಿನಲ್ಲಿ ನಾಲ್ಕು ಸಿಲಿಂಡರುಗಳಿದ್ದರೂ ಹೊರದಾರಿಗಳು ಮೂರೇ. ನಡುವಣ ಎರಡು ಸಿಲಿಂಡರುಗಳು ಒಂದೇ ದಾರಿಯನ್ನು ಹಂಚಿಕೊಳ್ಳಬೇಕಾಗಿತ್ತು. ಇದನ್ನು ಅರಿತ ಹುಡುಗರು ಎಂಜಿನು ಸರಾಗವಾಗಿ ಉಸಿರಾಡುವಂತೆ ಮಾಡಲು ದಾರಿಗಳನ್ನು ಉಜ್ಜಿ ಅಗಲಿಸಿದರು, ಹೆಚ್ಚಿನ ಕಾರ್ಬ್ಯುರೇಟರುಗಳನ್ನು ಕೂರಿಸಿದರು, ಸಿಲಿಂಡರು ತಲೆಯನ್ನು ತರಿದು ದಹನಸ್ಥಳವನ್ನು ಕಿರಿದುಮಾಡಿದರು. ಪ್ರತಿಯೊಂದು ಪ್ರಯತ್ನದ ಫಲವೂ ಮುಂದಿನ ಕೂಟದಲ್ಲಿ ಅಂಕಿಯಾಗಿ ಕಾಣಿಸಿಕೊಳ್ಳುತ್ತಿತ್ತು.

ಈ ಶಾಲೆಯಲ್ಲಿ ಕಲಿತವರು ಸಾಮಾನ್ಯರಲ್ಲ. ಸ್ಟೂಅರ್ಟ್ ಹಿಲ್‌ಬಾರ್ನ್ ಎಂಬಾತನು 1948ರಲ್ಲಿ ಒಣ ಸರೋವರದ ಮೇಲೆ ಗಂಟೆಗೆ 150 ಮೈಲಿಯ ವೇಗವನ್ನು ದಾಟಿದನು. ಕಾರ್ಬ್ಯುರೇಟರಿಗೆ ಬದಲಾಗಿ ಇಂಧನವನ್ನು ಒತ್ತಡದಿಂದ ಚಿಮ್ಮಿಸುವ ಸಾಧನವೊಂದನ್ನು ಅವನು ತಾನೇ ರೂಪಿಸಿದ್ದನು. ಅದು ಮುಂದೆ ಇಂಡಿಯಾನಾಪೊಲಿಸ್ಸಿನ ಪ್ರಸಿದ್ಧ ಪಂದ್ಯದ ಕಾರುಗಳಿಗೂ ಏರಿತು. ವೀಡಾ ಆರ್ ಎಂಬ ಮಹಿಳೆ ಆ ಬಯಲುಗಳಲ್ಲಿ ತಾನೇ ಕಾರು ಓಡಿಸಿದುದಲ್ಲದೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ದೂರದ ರಣರಂಗಗಳಲ್ಲಿದ್ದ ಸದಸ್ಯರಿಗೆ ಸುದ್ದಿಪತ್ರಿಕೆಯನ್ನು ಅಚ್ಚುಮಾಡಿ ಕಳುಹಿಸುತ್ತಿದ್ದಳು. ಈ ವಿದ್ಯೆ ಗಂಡುಮಕ್ಕಳಿಗಷ್ಟೇ ಮೀಸಲೆಂದು ಭಾವಿಸುವವರು ಆಕೆಯನ್ನು ನೆನೆಯಬೇಕು.

1946ರಲ್ಲಿ ಬಿಲ್ ಬರ್ಕ್ ಎಂಬಾತನು ಇನ್ನೊಂದು ಕೌತುಕವನ್ನು ಮಾಡಿದನು. ಯುದ್ಧವಿಮಾನಗಳ ಅಡಿಯಲ್ಲಿ ತೂಗುಹಾಕುತ್ತಿದ್ದ ಹೆಚ್ಚುವರಿ ಪೆಟ್ರೋಲಿನ ತೊಟ್ಟಿಗಳು ಯುದ್ಧ ಮುಗಿದ ಮೇಲೆ ಅಗ್ಗವಾಗಿ ಸಿಗುತ್ತಿದ್ದವು. ಹನಿಯಾಕಾರದ ಅಂತಹ ತೊಟ್ಟಿಯೊಂದರೊಳಗೆ ಅವನು ಎಂಜಿನನ್ನೂ ಚಾಲಕನನ್ನೂ ಕೂರಿಸಿದನು. ಅವನ ದಾರಿಯನ್ನೇ ಹಿಡಿದ ಅಲೆಕ್ಸ್ ಕ್ಸೈಡಿಯಾಸನ ತೊಟ್ಟಿಕಾರು 1952ರಲ್ಲಿ ಗಂಟೆಗೆ ಸುಮಾರು 198 ಮೈಲಿ ಓಡಿತು. ಇದರ ರಹಸ್ಯವೇನು? ಗಾಳಿಯ ತಡೆ ವೇಗದ ವರ್ಗಕ್ಕೆ ಅನುಸಾರವಾಗಿ ಹೆಚ್ಚುತ್ತದೆ. ಆ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಸಾರವಾಗಿ ಹೆಚ್ಚುತ್ತದೆ. ಗಂಟೆಗೆ 100 ಮೈಲಿಯಿಂದ 200 ಮೈಲಿಗೆ ಏರಬೇಕಾದರೆ ಗಾಳಿಯನ್ನು ಸೀಳಲು ಎರಡರಷ್ಟಲ್ಲ, ಎಂಟರಷ್ಟು ಶಕ್ತಿ ಬೇಕು. ಆದುದರಿಂದ ಎಂಜಿನನ್ನು ಬೆಳೆಸುತ್ತ ಹೋಗುವುದಕ್ಕಿಂತ ಮೈಯನ್ನು ನಯವಾಗಿಸುವುದೇ ಜಾಣತನ. ಎಷ್ಟೋ ವಿದ್ಯಾರ್ಥಿಗಳು ಪುಸ್ತಕದಲ್ಲಿ ಓದಿ ಮರೆಯುವ ಸೂತ್ರವನ್ನು ಈ ಹುಡುಗರು ಧೂಳು ತಿಂದು ಕಲಿತರು.

ಇಂಗ್ಲೆಂಡಿನಲ್ಲಿಯೂ ಇಂತಹ ಉದಾಹರಣೆಯುಂಟು. ಲಂಡನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಕಾಲಿನ್ ಚಾಪ್‌ಮನ್ 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ತಿದ್ದಿದನು. ಅಲ್ಯೂಮಿನಿಯಂ ತಗಡು ಹೊದಿಸಿದ ಪ್ಲೈವುಡ್ಡಿನಿಂದ ಅದಕ್ಕೆ ಹಗುರವೂ ಬಿಗಿಯೂ ಆದ ಹೊಸ ಮೈಯನ್ನು ಕಟ್ಟಿದನು. ಹವ್ಯಾಸವಾಗಿ ಮೊದಲಾದ ಈ ಕೆಲಸ 1952ರಲ್ಲಿ ಲೋಟಸ್ ಕಂಪನಿಯಾಯಿತು. ಆ ಕಂಪನಿಯ ಕಾರುಗಳು ಮುಂದೆ ಫಾರ್ಮುಲಾ ಒನ್ ಪಂದ್ಯಗಳ ತಯಾರಕರ ಪ್ರಶಸ್ತಿಯನ್ನು ಏಳು ಬಾರಿ ಗೆದ್ದವು.

ಬೀದಿಯಿಂದ ಬಯಲಿಗೆ

ಕ್ಯಾಲಿಫೋರ್ನಿಯಾದ ಈ ಹುಡುಗರೆಲ್ಲರೂ ಸಾಧುಗಳಾಗಿದ್ದರೆಂದು ನಾವು ಹೇಳುವುದಿಲ್ಲ. ಯುದ್ಧಾನಂತರದ ವರ್ಷಗಳಲ್ಲಿ ತಿದ್ದಿದ ಕಾರುಗಳ ಬೀದಿಪಂದ್ಯಗಳು ಅಲ್ಲಿಯೂ ಪಿಡುಗಾಗಿದ್ದವು. 'ಹಾಟ್‌ರಾಡ್' ಎಂಬ ಹೆಸರೇ ಬೈಗುಳವಾಯಿತು. ಆಗ ಆ ಸಂಘದವರು ಮಾಡಿದ ಕೆಲಸ ಮೆಚ್ಚತಕ್ಕದ್ದು. ಅವರು ಸುರಕ್ಷತೆಯ ಪ್ರಚಾರಕ್ಕೆ ಕೈಹಾಕಿದರು. 1948ರ ಜನವರಿಯಲ್ಲಿ ಲಾಸ್ ಏಂಜಲೀಸಿನಲ್ಲಿ ತಮ್ಮ ಗಾಡಿಗಳ ಪ್ರದರ್ಶನವನ್ನು ಏರ್ಪಡಿಸಿ ಜನರನ್ನು ಕರೆದು ತೋರಿಸಿದರು. 1949ರಲ್ಲಿ ಯೂಟಾ ಸಂಸ್ಥಾನದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಓಡಲು ಅನುಮತಿ ಪಡೆದರು. 1950ರಲ್ಲಿ ಸಾಂಟಾ ಆನಾ ಎಂಬಲ್ಲಿನ ವಿಮಾನನಿಲ್ದಾಣದ ಓಡುಪಟ್ಟಿ ವಾರಕ್ಕೊಮ್ಮೆ ಈ ತರುಣರಿಗೆ ತೆರೆಯಿತು. ವಾಲಿ ಪಾರ್ಕ್ಸ್ ಎಂಬಾತನು 1951ರಲ್ಲಿ ರಾಷ್ಟ್ರೀಯ ಹಾಟ್‌ರಾಡ್ ಸಂಘವನ್ನು ಸ್ಥಾಪಿಸಿದನು. ಅದರ ಮೊದಲ ಅಧಿಕೃತ ಪಂದ್ಯ 1953ರಲ್ಲಿ ಪೊಮೋನಾದಲ್ಲಿ ನಡೆದಾಗ ಆ ಪಟ್ಟಣದ ಪೋಲೀಸರೇ ಅದಕ್ಕೆ ಬೆಂಬಲವಾಗಿ ನಿಂತರು.

ಇದರಿಂದ ನಾವು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ಬೀದಿಯಲ್ಲಿ ಓಡಬೇಡಿರೆಂದು ಹೇಳುವವರು, ಹಾಗಾದರೆ ಎಲ್ಲಿ ಓಡಬೇಕೆಂಬುದನ್ನೂ ಹೇಳಬೇಕು. ಪೊಮೋನಾದ ಪೋಲೀಸರು ಅದನ್ನು ಹೇಳಿದರು.

ಒಂದನ್ನು ತಿದ್ದಿದರೆ ಹತ್ತು ಅಲುಗುತ್ತವೆ

ಇನ್ನು ತಿದ್ದುವವರ ಕಡೆಗೆ ತಿರುಗೋಣ. ಕಾರು ಬಿಡಿಭಾಗಗಳ ರಾಶಿಯಲ್ಲ, ಅದೊಂದು ವ್ಯವಸ್ಥೆ. ಅದರ ಒಂದು ಭಾಗವನ್ನು ಮುಟ್ಟಿದರೆ ಮಿಕ್ಕ ಭಾಗಗಳು ತಮ್ಮ ಲೆಕ್ಕವನ್ನು ಕೇಳುತ್ತವೆ.

ಸಂಪೀಡನದ ಪ್ರಮಾಣವನ್ನು ತೆಗೆದುಕೊಳ್ಳೋಣ. ಸಿಲಿಂಡರಿನೊಳಗಿನ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ನು ಎಷ್ಟರಮಟ್ಟಿಗೆ ಒತ್ತಿ ಕಿರಿದುಮಾಡುತ್ತದೆ ಎಂಬುದೇ ಈ ಪ್ರಮಾಣ. ಆರರಲ್ಲೊಂದು ಪಾಲಿಗೆ ಒತ್ತಿದರೆ ಆದರ್ಶ ಎಂಜಿನಿನ ದಕ್ಷತೆ ಲೆಕ್ಕದಂತೆ ಶೇಕಡಾ 51ರಷ್ಟು. ಒಂಬತ್ತರಲ್ಲೊಂದು ಪಾಲಿಗೆ ಒತ್ತಿದರೆ ಶೇಕಡಾ 58ರಷ್ಟು. ನಿಜವಾದ ಎಂಜಿನುಗಳ ದಕ್ಷತೆ ಇದಕ್ಕಿಂತ ಬಹಳ ಕಡಿಮೆಯಾದರೂ ಲಾಭದ ದಿಕ್ಕು ಇದೇ. ಹಾಗಾದರೆ ಒತ್ತುತ್ತಲೇ ಹೋಗಬಹುದಲ್ಲವೆ? ಕೂಡದು. ಅತಿಯಾಗಿ ಒತ್ತಿದ ಮಿಶ್ರಣ ವಿಪರೀತ ಕಾದು, ಕಿಡಿಯಿಂದ ಹರಡುವ ಜ್ವಾಲೆ ತನ್ನನ್ನು ಮುಟ್ಟುವ ಮೊದಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ಸುತ್ತಿಗೆಯಿಂದ ಬಡಿದಂತೆ ಎಂಜಿನು ಟಕಟಕಿಸುತ್ತದೆ, ಪಿಸ್ಟನ್ನೇ ತೂತುಬೀಳಬಹುದು. ಇಂಧನದ ಗುಣವನ್ನು ಅರಿಯದೆ ಸಂಪೀಡನವನ್ನು ಮುಟ್ಟಬಾರದು.

ನಮ್ಮ ಬೀದಿಗಳ ಸೈಲೆನ್ಸರಿನ ಕಥೆಯೂ ಹೀಗೆಯೇ. ಸಿಲಿಂಡರಿನಿಂದ ಸುಟ್ಟ ಅನಿಲ ಒಂದೇ ಸಮನೆ ಹರಿಯುವುದಿಲ್ಲ. ಬಡಿತ ಬಡಿತವಾಗಿ ಹೊರನುಗ್ಗುತ್ತದೆ. ಪ್ರತಿಯೊಂದು ಬಡಿತವೂ ಕೊಳವೆಯಲ್ಲಿ ಅಲೆಯಾಗಿ ಸಾಗಿ, ಕೊಳವೆ ಅಗಲವಾಗುವೆಡೆಯಲ್ಲಿ ಪ್ರತಿಫಲಿಸಿ ಹಿಂದಕ್ಕೆ ಬರುತ್ತದೆ. ಕೊಳವೆಯ ಉದ್ದವನ್ನು ತಕ್ಕಂತೆ ಇರಿಸಿದರೆ, ಹಿಂದಿರುಗಿದ ಅಲೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೀರಿ ಹೊರಹಾಕಲು ನೆರವಾಗುತ್ತದೆ. ಈ ಹೊಂದಾಣಿಕೆಯನ್ನು ಅರಿಯದೆ ಕೊಳವೆಯನ್ನು ಕತ್ತರಿಸಿದವನು ತಾನು ದಿನವೂ ಓಡಿಸುವ ವೇಗದಲ್ಲಿ ಎಂಜಿನಿನ ಎಳೆತವನ್ನು ಕಳೆದುಕೊಳ್ಳಬಹುದು. ಅವನಿಗೆ ದಕ್ಕುವುದು ಸದ್ದು ಮಾತ್ರ. ಸದ್ದೆಂಬುದು ವ್ಯರ್ಥವಾಗಿ ಹೋಗುವ ಶಕ್ತಿ. ಅದನ್ನು ಬಲದ ಗುರುತೆಂದು ಬಗೆಯುವುದು ಗಡಿಗೆ ಸೋರುವುದನ್ನು ಕಂಡು ನೀರು ಹೆಚ್ಚಾಯಿತೆಂದು ಹಿಗ್ಗಿದಂತೆ.

ಅದೇ ಕೊಳವೆಯಲ್ಲಿ ಈಗಿನ ಪೆಟ್ರೋಲು ಕಾರುಗಳು ವೇಗವರ್ಧಕ ಪರಿವರ್ತಕವೊಂದನ್ನು ಹೊತ್ತಿರುತ್ತವೆ. ಪ್ಲಾಟಿನಂ, ಪೆಲೇಡಿಯಂ, ರೋಡಿಯಂಗಳಂತಹ ಅಮೂಲ್ಯ ಲೋಹಗಳ ಲೇಪನದ ಮೇಲೆ ಹಾದುಹೋಗುವಾಗ ವಿಷಕರವಾದ ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ನಿನ ಆಕ್ಸೈಡುಗಳು ಮತ್ತು ಉರಿಯದೆ ಉಳಿದ ಇಂಧನ ಇವೆಲ್ಲವೂ ಬಹುಮಟ್ಟಿಗೆ ಇಂಗಾಲಾಮ್ಲ, ನೈಟ್ರೋಜನ್ ಹಾಗೂ ನೀರಾವಿಗಳಾಗಿ ಮಾರ್ಪಡುತ್ತವೆ. ಇದು ಸರಿಯಾಗಿ ನಡೆಯಬೇಕಾದರೆ ಒಂದು ತೂಕ ಪೆಟ್ರೋಲಿಗೆ ಸುಮಾರು 14.7 ತೂಕ ಗಾಳಿಯ ಪ್ರಮಾಣ ಕೆಡಬಾರದು. ಪರಿವರ್ತಕವನ್ನು ಕಿತ್ತೆಸೆಯುವವನು ತನ್ನ ಹವ್ಯಾಸದ ಬೆಲೆಯನ್ನು ನೆರೆಯವರ ಶ್ವಾಸಕೋಶಗಳಿಂದ ವಸೂಲುಮಾಡುತ್ತಾನೆ. ಇದನ್ನು ನಾವು ಹವ್ಯಾಸವೆಂದು ಕರೆಯಲಾರೆವು.

ವೇಗ ಹೆಚ್ಚಿಸಿದವನು ಬ್ರೇಕನ್ನು ಮರೆಯುವುದು ಇನ್ನೂ ಭಯಂಕರ. 1000 ಕಿಲೋಗ್ರಾಮ್ ತೂಕದ ಕಾರು ಗಂಟೆಗೆ 60 ಕಿಲೋಮೀಟರಿನಲ್ಲಿ ಓಡುವಾಗ ಅದರ ಚಲನಶಕ್ತಿ ಸುಮಾರು 1,39,000 ಜೂಲ್. 120 ಕಿಲೋಮೀಟರಿನಲ್ಲಿ ಸುಮಾರು 5,56,000 ಜೂಲ್. ವೇಗ ಇಮ್ಮಡಿಯಾದರೆ ಬ್ರೇಕುಗಳು ಉಷ್ಣವಾಗಿ ಹೊರಗೆಡಹಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆ. ಸುತ್ತಳತೆ ಶೇಕಡಾ 10ರಷ್ಟು ಹೆಚ್ಚಿರುವ ಟೈರುಗಳನ್ನು ಹಾಕಿಕೊಂಡರೆ, ಮೊದಲು ಸರಿಯಾಗಿದ್ದ ವೇಗಮಾಪಕ 60 ಎಂದು ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. ನೂರು ವಾಟಿನ ಎರಡು ದೀಪಗಳನ್ನು 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದರೆ ತಂತಿಯಲ್ಲಿ ಸುಮಾರು 17 ಆಂಪಿಯರ್ ಹರಿಯುತ್ತದೆ. ಅದನ್ನು ತಾಳಲಾರದ ಸಣ್ಣ ತಂತಿಗೆ, ಅದೂ ಫ್ಯೂಸಿಲ್ಲದೆ ಜೋಡಿಸಿದರೆ ಬೆಂಕಿ ಹೊತ್ತಿಕೊಂಡೀತು. ಈ ಲೆಕ್ಕಗಳಲ್ಲಿ ಪ್ರೌಢಶಾಲೆಯ ಭೌತಶಾಸ್ತ್ರವನ್ನು ಮೀರಿದುದೇನೂ ಇಲ್ಲ. ಈ ಲೆಕ್ಕವನ್ನು ಮಾಡದೆ ಸ್ಪ್ಯಾನರನ್ನು ಹಿಡಿಯುವವನು ತನ್ನ ಪ್ರಾಣವನ್ನಲ್ಲದೆ ಪರರ ಪ್ರಾಣವನ್ನೂ ಪಣವಾಗಿಡುತ್ತಾನೆ.

ಕಾನೂನು ಮತ್ತು ಅದರ ಆಚೆ

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಗೊತ್ತುಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಇದು ಹವ್ಯಾಸಿಗಳಿಗೆ ಕಹಿಯಾಗಿ ತೋರಬಹುದು. ಆದರೆ ಸಾರ್ವಜನಿಕ ರಸ್ತೆಯ ಮಟ್ಟಿಗೆ ಇದು ನ್ಯಾಯವೇ. ರಸ್ತೆಯಲ್ಲಿ ಎದುರು ಬರುವವನು ನಮ್ಮ ಬ್ರೇಕುಗಳನ್ನು ಪರೀಕ್ಷಿಸಿ ನೋಡಲಾರನು; ಅವು ಸರಿಯಾಗಿವೆಯೆಂದು ನಂಬಿ ಬರುತ್ತಾನೆ. ಆ ನಂಬಿಕೆಗೆ ದ್ರೋಹ ಬಗೆಯುವ ಹಕ್ಕು ಯಾರಿಗೂ ಇಲ್ಲ.

ಅದೇ ಕಾನೂನು ಅಂಗವಿಕಲರು ತಮ್ಮ ವಾಹನವನ್ನು ಅನುಮತಿ ಪಡೆದು ತಮಗೆ ತಕ್ಕಂತೆ ಮಾರ್ಪಡಿಸಿಕೊಳ್ಳಲು ಅವಕಾಶವನ್ನಿತ್ತಿದೆ ಎಂಬುದನ್ನೂ ವಾಚಕರು ತಿಳಿದಿರಬೇಕು. ಕಾಲಿನ ಬಲವಿಲ್ಲದವನಿಗಾಗಿ ಬ್ರೇಕನ್ನೂ ಆಕ್ಸಿಲರೇಟರನ್ನೂ ಕೈಯಿಂದ ನಡೆಸುವಂತೆ ಜೋಡಿಸುವ ಕುಶಲಕರ್ಮಿ ನಮ್ಮ ಮಟ್ಟಿಗೆ ಈ ವಿದ್ಯೆಯ ಅತ್ಯುನ್ನತ ಪ್ರತಿನಿಧಿ. ಅವನ ಕೈಕೆಲಸದಿಂದ ಸದ್ದು ಹೆಚ್ಚುವುದಿಲ್ಲ. ಒಬ್ಬ ಮನುಷ್ಯನ ಸ್ವಾತಂತ್ರ್ಯ ಹೆಚ್ಚುತ್ತದೆ.

ಆದರೆ ನಿಷೇಧದಿಂದಲೇ ಎಲ್ಲವೂ ಸರಿಹೋಗುವುದಿಲ್ಲ. ಎಷ್ಟೋ ಕಾಲೇಜುಗಳಲ್ಲಿ ಕತ್ತರಿಸಿ ಬಣ್ಣ ಬಳಿದ ಎಂಜಿನಿನ ಮಾದರಿಯನ್ನು ಗಾಜಿನ ಆಚೆಗೆ ಇಟ್ಟಿರುತ್ತಾರೆ. ವಿದ್ಯಾರ್ಥಿ ಅದರ ಚಿತ್ರವನ್ನು ಬರೆದು ಅಂಕ ಪಡೆಯುತ್ತಾನೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ದುಡಿಯುವ ಹುಡುಗನಿಗೆ ಭಾಗಗಳ ಹೆಸರು, ಗಾತ್ರಗಳು ಬೆರಳ ತುದಿಯಲ್ಲಿವೆ; ಸೂತ್ರ ತಿಳಿಯದು. ಕಾಲೇಜಿನ ಹುಡುಗನಿಗೆ ಸೂತ್ರ ಬಾಯಿಪಾಠ. ನಟ್ಟನ್ನು ಯಾವ ಕಡೆಗೆ ತಿರುಗಿಸಬೇಕೆಂಬುದು ತಿಳಿಯದು. ಇವರಿಬ್ಬರೂ ಭೇಟಿಯಾಗುವ ಸ್ಥಳವೊಂದು ನಮ್ಮಲ್ಲಿ ಬೇಕು. ಪ್ರತಿಯೊಂದು ಜಿಲ್ಲೆಯ ಪಾಲಿಟೆಕ್ನಿಕ್ಕಿನ ಕಾರ್ಯಾಗಾರ ವಾರಕ್ಕೊಂದು ದಿನವಾದರೂ ಹೊರಗಿನ ತರುಣರಿಗೆ ತೆರೆದಿರಲಿ. ಗುಜರಿ ಸೇರಿದ ನಾಲ್ಕು ಎಂಜಿನುಗಳೂ ಒಬ್ಬ ಅನುಭವಿ ಮೇಸ್ತ್ರಿಯೂ ಅಲ್ಲಿರಲಿ. ಬಳಕೆಯಲ್ಲಿಲ್ಲದ ಓಡುಪಟ್ಟಿಯೋ ಖಾಲಿ ಬಯಲೋ ಇರುವೆಡೆ ಮೇಲ್ವಿಚಾರಣೆಯಲ್ಲಿ ಓಡಿಸಿ ಅಳೆಯುವ ಏರ್ಪಾಡಾಗಲಿ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಇಂತಹ ಪ್ರಯತ್ನಗಳು ಇಲ್ಲವೆಂದಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಕಾರನ್ನು ರೂಪಿಸಿ ಕಟ್ಟುವ ಸ್ಪರ್ಧೆಗಳು ಈಗ ನಮ್ಮ ದೇಶದಲ್ಲಿಯೂ ನಡೆಯುತ್ತಿವೆ. 'ಬಾಹಾ ಎಸ್‌ಎಇ ಇಂಡಿಯಾ' 2007ರಲ್ಲಿ ಆರಂಭವಾಯಿತು. 'ಫಾರ್ಮುಲಾ ಸ್ಟೂಡೆಂಟ್' ಮಾದರಿಯ ಸ್ಪರ್ಧೆಗಳಲ್ಲಿ ಓಟಕ್ಕೆ ಮೊದಲೇ ಕಾರು ಪರೀಕ್ಷೆಗಳನ್ನು ಗೆಲ್ಲಬೇಕು. ಬ್ರೇಕನ್ನು ತುಳಿದಾಗ ನಾಲ್ಕು ಚಕ್ರಗಳ ತಿರುಗಾಟವೂ ನಿಲ್ಲಬೇಕು. ಎಂಜಿನಿನ ಸದ್ದು ಮಿತಿಯೊಳಗಿರಬೇಕು. ಪ್ರತಿಯೊಂದು ಭಾಗವನ್ನು ಹಾಗೇಕೆ ಮಾಡಿದಿರೆಂದು ನಿರ್ಣಾಯಕರು ಕೇಳಿದರೆ ಉತ್ತರಿಸಬೇಕು. ಖರ್ಚಿನ ಲೆಕ್ಕವನ್ನೂ ಒಪ್ಪಿಸಬೇಕು. ವೇಗದಷ್ಟೇ ಬೆಲೆ ಕಾರಣಕ್ಕೂ ಉಂಟೆಂಬುದನ್ನು ಇವು ಕಲಿಸುತ್ತವೆ.

ಮುಚ್ಚಿದ ಬಾನೆಟ್ಟು

'ಈಗಿನ ಕಾರಿನಲ್ಲಿ ತಿದ್ದುವುದೇನಿದೆ? ಎಲ್ಲವೂ ಗಣಕಯಂತ್ರದ ವಶವಾಗಿದೆಯಲ್ಲ!' ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆಯಲ್ಲಿ ಸತ್ಯಾಂಶವುಂಟು. ಇಂಧನವನ್ನು ಎಷ್ಟು ಚಿಮ್ಮಿಸಬೇಕು, ಕಿಡಿಯನ್ನು ಯಾವಾಗ ಹಾರಿಸಬೇಕೆಂಬುದನ್ನು ಇಂದು ಸಣ್ಣದೊಂದು ಗಣಕ ನಿರ್ಧರಿಸುತ್ತದೆ. ಆದರೆ ಅದೇ ಗಣಕ ಹೊಸ ಸೌಲಭ್ಯವನ್ನೂ ತಂದಿದೆ. ಎಂಜಿನಿನ ಸುತ್ತುಗಳು, ನೀರಿನ ಉಷ್ಣತೆ, ಹೊಗೆಯಲ್ಲಿನ ಆಮ್ಲಜನಕ ಇವೆಲ್ಲವನ್ನೂ ಅದು ಸದಾ ಅಳೆಯುತ್ತಿರುತ್ತದೆ. ಚಾಲಕನ ಕಾಲಬಳಿಯಿರುವ ಸಂಪರ್ಕಕ್ಕೆ ಅಗ್ಗದ ಓದುಗಯಂತ್ರವೊಂದನ್ನು ಜೋಡಿಸಿದರೆ ಹಲವು ಅಂಕಿಗಳು ಕಣ್ಣಿಗೆ ಬೀಳುತ್ತವೆ. ಮ್ಯೂರಾಕಿನ ಹುಡುಗರು ಇಂತಹ ಸಲಕರಣೆಯನ್ನು ಕನಸಿನಲ್ಲಿಯೂ ಕಂಡಿರಲಿಲ್ಲ.

ಈ ಗಣಕದ ಒಳಹೊಕ್ಕು ನೋಡುವ ಹಕ್ಕು ಯಾರದೆಂಬ ವಿವಾದವೂ ಎದ್ದಿದೆ. ಕಾರಿನ ತಂತ್ರಾಂಶವನ್ನು ದುರಸ್ತಿಗಾಗಿಯೂ ಕಾನೂನುಬದ್ಧ ಮಾರ್ಪಾಡಿಗಾಗಿಯೂ ಪರಿಶೀಲಿಸಲು ಮಾಲೀಕರಿಗೆ ಅಮೆರಿಕದಲ್ಲಿ 2015ರಲ್ಲಿ ವಿನಾಯಿತಿ ದೊರೆಯಿತು. ನಮ್ಮ ಕೇಂದ್ರ ಸರಕಾರವೂ 2022ರಲ್ಲಿ 'ದುರಸ್ತಿಯ ಹಕ್ಕಿ'ಗಾಗಿ ಜಾಲತಾಣವೊಂದನ್ನು ತೆರೆಯಿತು. ಅದರಲ್ಲಿ ಮೋಟಾರು ವಾಹನಗಳೂ ಸೇರಿವೆ. ಕೊಂಡವನಿಗೆ ತನ್ನ ಯಂತ್ರವನ್ನು ಅರಿಯುವ ಹಕ್ಕಿರಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಬಿಚ್ಚಲು ಬಾರದ ಯಂತ್ರಗಳ ನಡುವೆ ಬೆಳೆದ ಪೀಳಿಗೆ ಯಂತ್ರಗಳನ್ನು ಪವಾಡವೆಂದು ಬಗೆಯತೊಡಗುತ್ತದೆ. ಒಂದು ಎಚ್ಚರಿಕೆ ಮಾತ್ರ ಇಲ್ಲಿ ಅಗತ್ಯ: ವಿದ್ಯುತ್ ಕಾರುಗಳ ಬ್ಯಾಟರಿಯಲ್ಲಿ ನೂರಾರು ವೋಲ್ಟುಗಳಿರುತ್ತವೆ. ಅದಕ್ಕೆ ತರಬೇತಿಯಿಲ್ಲದವರು ಕೈಹಾಕಲೇಬಾರದು.

ವಿದ್ಯಾರ್ಥಿಗಳಿಗೆ ನಾಲ್ಕು ಮಾತು

ಈ ಹವ್ಯಾಸದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಮಿತ್ರರು ಓಡುವ ಕಾರಿನಿಂದ ಆರಂಭಿಸದೆ, ಮೇಜಿನ ಮೇಲಿಟ್ಟ ಹಳೆಯ ಎಂಜಿನಿನಿಂದ ಆರಂಭಿಸಲಿ. ಗುಜರಿಯ ಕಾರ್ಬ್ಯುರೇಟರೊಂದನ್ನು ಬಿಚ್ಚಿದರೆ, ಕೊಳವೆ ಕಿರಿದಾದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ತಗ್ಗುವುದೆಂಬ ಬರ್ನೂಲಿಯ ತತ್ತ್ವ ಕೈಯಲ್ಲೇ ಕುಳಿತಿರುತ್ತದೆ. ಬಿಚ್ಚುವ ಮುನ್ನ ಚಿತ್ರ ಬರೆದುಕೊಳ್ಳಿರಿ. ಬಿಚ್ಚಿದುದನ್ನು ಮರಳಿ ಜೋಡಿಸುವವರೆಗೆ ಮುಂದಕ್ಕೆ ಹೋಗಬೇಡಿರಿ.

ಎರಡನೆಯದಾಗಿ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿರಿ. ಮೂರನ್ನು ಒಮ್ಮೆಗೇ ಬದಲಿಸಿದವನಿಗೆ ಫಲ ಯಾವುದರಿಂದ ಬಂದಿತೆಂಬುದು ತಿಳಿಯದು. ಮೂರನೆಯದಾಗಿ, ನೋಟುಪುಸ್ತಕವನ್ನಿಡಿರಿ. ಮನೆಯ ಗಾಡಿಯ ಟೈರುಗಳ ಒತ್ತಡವನ್ನು ತಯಾರಕರು ಹೇಳಿದ ಮಟ್ಟದಲ್ಲಿ ತಪ್ಪದೆ ಕಾಯ್ದು, ಲೀಟರಿಗೆ ಎಷ್ಟು ಕಿಲೋಮೀಟರು ಓಡಿತೆಂದು ಮೂರು ತಿಂಗಳು ಬರೆದಿಟ್ಟರೆ ಅದೂ ಒಂದು ಪ್ರಯೋಗವೇ. ನಾಲ್ಕನೆಯದಾಗಿ, 'ಇದನ್ನು ತಯಾರಕರು ಹೀಗೇಕೆ ಮಾಡಿದರು?' ಎಂಬ ಪ್ರಶ್ನೆಗೆ ಉತ್ತರ ದೊರೆಯುವವರೆಗೆ ಯಾವ ಭಾಗವನ್ನೂ ಬದಲಿಸಬೇಡಿರಿ. ಅನೇಕ ವೇಳೆ ಉತ್ತರ ದೊರೆತ ಮೇಲೆ ಬದಲಿಸುವ ಆಸೆಯೇ ಹೋಗುತ್ತದೆ. ಕೆಲವು ವೇಳೆ ಹೋಗುವುದಿಲ್ಲ; ಆಗ ನಿಮ್ಮಲ್ಲಿ ಒಬ್ಬ ಎಂಜಿನಿಯರು ಹುಟ್ಟಿದ್ದಾನೆಂದು ತಿಳಿಯಿರಿ.

ತಂದೆತಾಯಿಗಳಿಗೂ ಉಪಾಧ್ಯಾಯರಿಗೂ ನಮ್ಮ ವಿನಂತಿ ಒಂದೇ. ಮಗನೋ ಮಗಳೋ ಕೈಗೆ ಗ್ರೀಸು ಮೆತ್ತಿಕೊಂಡು ಬಂದಾಗ ಗದರುವುದಕ್ಕೆ ಮೊದಲು, 'ಏನನ್ನು ಬಿಚ್ಚಿದೆ? ಏನನ್ನು ಅಳೆದೆ?' ಎಂದು ಕೇಳಿರಿ. ಉತ್ತರವಿದ್ದರೆ ಬೆನ್ನು ತಟ್ಟಿರಿ. ಉತ್ತರವಿಲ್ಲದಿದ್ದರೆ ಸ್ಪ್ಯಾನರನ್ನು ಕಸಿದುಕೊಳ್ಳಬೇಡಿರಿ. ಅದರ ಜೊತೆಗೆ ಒಂದು ಅಳತೆಪಟ್ಟಿಯನ್ನೂ ಕೊಡಿರಿ.